ಭಾನುವಾರದ ಕ್ವಿಜ್‌ಗೆ ಶ್ರೀಲಂಕಾ ನಕ್ಷೆ ನೋಡ್ಕೊಂಡು ಬನ್ನಿ

ಎಲ್ಲರಿಗೂ ನಮಸ್ಕಾರ 🙏

ಈ ಭಾನುವಾರ ಬೆಳಿಗ್ಗೆ 10ಕ್ಕೆ ಕ್ವಿಜ್. ವಿಷಯ: ಶ್ರೀಲಂಕಾದ ಆಡಳಿತ ವಿಭಾಗಗಳು. ಎರಡೂ ಬ್ಯಾಚಿನವರು ಬರಬೇಕು.

👉 9 ಪ್ರಾಂತ್ಯ, 25 ಜಿಲ್ಲೆ. ರಾಜಧಾನಿಗಳ ಸಮೇತ ಬಾಯಿಪಾಠ ಇರಲಿ (ಊವಾಕ್ಕೆ ಬದುಳ್ಳ, ಸಬರಗಮುವಕ್ಕೆ ರತ್ನಪುರ).
👉 ತೀರಾ ತಳಮಟ್ಟದಲ್ಲಿ ಗ್ರಾಮ ನಿಲಧಾರಿ. ನಮ್ಮ ಗ್ರಾಮ ಲೆಕ್ಕಿಗರ ಥರ ಅಂದ್ಕೊಳ್ಳಿ.

ಹೋದ ಸಲ ಅರ್ಧ ಜನ ಎಡವಿದ್ದು ಉತ್ತರ, ಪೂರ್ವ ಪ್ರಾಂತ್ಯಗಳಲ್ಲಿ. 1988ರಲ್ಲಿ ಎರಡನ್ನೂ ಸೇರಿಸಿದ್ದರು ನಿಜ. ಆದರೆ ಅದು ಅಸಿಂಧು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು, 2007ರಿಂದ ಮತ್ತೆ ಬೇರೆ ಬೇರೆ. ಮನೆಯಲ್ಲಿರೋ ಹಳೇ ಅಟ್ಲಾಸ್ 8 ಪ್ರಾಂತ್ಯ ತೋರಿಸಿದರೆ ನಂಬಬೇಡಿ!

ಬರುವವರು ಶುಕ್ರವಾರ ರಾತ್ರಿಯೊಳಗೆ ಹೆಸರು ಟೈಪ್ ಮಾಡಿ. ಬರೀ ಥಂಬ್ಸ್ ಅಪ್ ಒತ್ತಿದರೆ ಲೆಕ್ಕಕ್ಕಿಲ್ಲ.