ಲಾಭವಿಲ್ಲದ ಚಿತ್ರಕ್ಕೂ ನೋಟಿಸ್ ಬರುತ್ತದೆ

ಮಾನ್ಯ ಸಂಪಾದಕರೇ,

ನೆಚ್ಚಿನ ಪಾತ್ರವನ್ನು ಇಟ್ಟುಕೊಂಡು, ಜನರಿಂದ ಹಣ ಎತ್ತಿ ಅಭಿಮಾನಿಗಳೇ ಮಾಡುವ ಚಿತ್ರಗಳ ಮಾತು ಬಂದಾಗಲೆಲ್ಲ ಒಂದು ವಾದ ತಪ್ಪದೆ ಕೇಳಿಬರುತ್ತದೆ: ‘ನಾವೇನು ದುಡ್ಡು ಮಾಡ್ತಿಲ್ವಲ್ಲ, ಯೂಟ್ಯೂಬ್‌ಗೆ ಫ್ರೀಯಾಗಿ ಹಾಕ್ತೀವಿ, ಅದಕ್ಕೆಂಥಾ ಕಾಪಿರೈಟ್?’ ಈ ನಂಬಿಕೆ ತಪ್ಪು. ಲಾಭ ಬಂತೋ ಇಲ್ಲವೋ ಎಂಬುದು ಆಮೇಲಿನ ಮಾತು. ಸ್ಟುಡಿಯೋದ ವಕೀಲರು ಮೊದಲು ಓದುವುದು ಹಣ ಕೇಳಲು ನೀವೇ ಬರೆದು ಹಾಕಿದ ಪುಟವನ್ನು.

ಇದಕ್ಕೆ ಅಮೆರಿಕದ ‘ಆಕ್ಸನಾರ್’ ಪ್ರಕರಣಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ. ‘ಸ್ಟಾರ್ ಟ್ರೆಕ್’ ಎಂಬ ವೈಜ್ಞಾನಿಕ ಕಥಾಸರಣಿಯ ಅಭಿಮಾನಿ ಆಲೆಕ್ ಪೀಟರ್ಸ್ ಅವರ ತಂಡ 2014ರಲ್ಲಿ ಜನರಿಂದ ಹಣ ಎತ್ತುವ ಜಾಲತಾಣ ಕಿಕ್‌ಸ್ಟಾರ್ಟರ್ ಮೂಲಕ ಸುಮಾರು 1 ಲಕ್ಷ ಡಾಲರ್ ಎತ್ತಿ 20 ನಿಮಿಷದ ಆಸುಪಾಸಿನ ‘ಪ್ರಿಲ್ಯೂಡ್ ಟು ಆಕ್ಸನಾರ್’ ಚಿತ್ರ ಮಾಡಿತು. ಅದು ಮೆಚ್ಚುಗೆ ಗಳಿಸಿತು. ಅದನ್ನೇ ತೋರಿಸಿ ಪೂರ್ಣಪ್ರಮಾಣದ ಚಿತ್ರಕ್ಕೆಂದು ಕಿಕ್‌ಸ್ಟಾರ್ಟರ್‌ನಲ್ಲಿ 6.38 ಲಕ್ಷ ಡಾಲರ್, ಮರುವರ್ಷ ಅಂಥದ್ದೇ ಜಾಲತಾಣ ಇಂಡಿಗೋಗೋದಲ್ಲಿ 5.7 ಲಕ್ಷಕ್ಕೂ ಹೆಚ್ಚು ಡಾಲರ್ ಎತ್ತಿದರು. ಆ ಹಣದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗೋದಾಮು ಹಿಡಿದು ಸ್ಟುಡಿಯೋ ಕಟ್ಟುವ ಕೆಲಸವೂ ನಡೆಯಿತು. 2015ರ ಡಿಸೆಂಬರ್ 29ರಂದು ಸ್ಟಾರ್ ಟ್ರೆಕ್‌ನ ಹಕ್ಕುದಾರರಾದ ಪ್ಯಾರಾಮೌಂಟ್ ಮತ್ತು ಸಿಬಿಎಸ್ ಸ್ಟುಡಿಯೋಗಳು ಲಾಸ್ ಏಂಜಲೀಸ್‌ನ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿದವು. ಅಲ್ಲಿನ ಕಾನೂನಿನಂತೆ, ಉದ್ದೇಶಪೂರ್ವಕ ಉಲ್ಲಂಘನೆ ಎಂದು ಸಾಬೀತಾದರೆ ಒಂದೊಂದು ಕೃತಿಗೆ 1.5 ಲಕ್ಷ ಡಾಲರ್‌ವರೆಗೂ ಪರಿಹಾರ ಕಟ್ಟಿಸಬಹುದು.

ಇದು ಮಾಮೂಲಿ ಅಭಿಮಾನಿ ಚಿತ್ರವಲ್ಲ, ಪೂರ್ತಿ ವೃತ್ತಿಪರವಾದ ಸ್ವತಂತ್ರ ಸ್ಟಾರ್ ಟ್ರೆಕ್ ಚಿತ್ರ ಎಂದು ಪ್ರಚಾರದಲ್ಲಿ ಹೇಳಿಕೊಂಡಿದ್ದರು. ಹಣ ಕೊಡುವವರನ್ನು ಸೆಳೆಯಲು ಬರೆದ ಆ ಮಾತನ್ನೇ ಸ್ಟುಡಿಯೋಗಳು ದಾವೆಯಲ್ಲಿ ಎತ್ತಿ ತೋರಿಸಿದವು. ಅಧಿಕೃತ ಸ್ಟಾರ್ ಟ್ರೆಕ್ ಸರಣಿಗಳಲ್ಲಿ ನಟಿಸಿದ್ದ ಕೆಲವರು ಇದರಲ್ಲೂ ಇದ್ದರು. ಕಥೆಯ ಅನ್ಯಗ್ರಹದ ಜನರಾದ ವಲ್ಕನ್‌ಗಳ ಚೂಪು ಕಿವಿ, ಕ್ಲಿಂಗಾನ್‌ಗಳ ಏಣು ಹಣೆ, ಸಮವಸ್ತ್ರ, ನೌಕೆಗಳ ಆಕಾರ, ಹೀಗೆ ನಕಲಾದದ್ದರ ಪಟ್ಟಿ ಬೆಳೆಯುತ್ತ ಹೋಗಿ ಕ್ಲಿಂಗಾನ್ ಭಾಷೆಯೂ ಅದರಲ್ಲಿ ಸೇರಿತು. ಭಾಷೆಗೆ ಯಾರೂ ಒಡೆಯರಿರಲು ಸಾಧ್ಯವಿಲ್ಲ ಎಂದು ಕೃತಕ ಭಾಷೆ ಕಟ್ಟುವವರ ಸಂಘವೊಂದು ಕೋರ್ಟಿಗೆ ತನ್ನ ವಾದ ಸಲ್ಲಿಸಿತು. ಪತ್ರಿಕೆಗಳಿಗೆ ಅದೇ ರುಚಿಸಿತು, ಆದರೆ ಕೇಸು ನಿಂತಿದ್ದು ಅದರ ಮೇಲಲ್ಲ.

2017ರ ಜನವರಿ 3ರಂದು ನ್ಯಾಯಾಧೀಶ ಗ್ಯಾರಿ ಕ್ಲಾಸ್ನರ್ ‘ಫೇರ್ ಯೂಸ್’ (ಒಪ್ಪಿಗೆಯಿಲ್ಲದೆಯೂ ಮಾಡಬಹುದಾದ ನ್ಯಾಯೋಚಿತ ಬಳಕೆ) ವಾದವನ್ನು ತಳ್ಳಿಹಾಕಿದರು. ಬಳಕೆಯ ಉದ್ದೇಶ, ಮೂಲ ಕೃತಿಯ ಸ್ವರೂಪ, ತೆಗೆದುಕೊಂಡ ಪ್ರಮಾಣ, ಮಾರುಕಟ್ಟೆಯ ಮೇಲಿನ ಪರಿಣಾಮ, ಈ ನಾಲ್ಕೂ ಸ್ಟುಡಿಯೋಗಳ ಪರವಾಗಿಯೇ ಇವೆ ಎಂದರು. ನಮ್ಮ ಹುಡುಗರು ಗಮನಿಸಬೇಕಾದ್ದು ಉದ್ದೇಶದ ಬಗ್ಗೆ ಅವರು ಹೇಳಿದ್ದನ್ನು. ಚಿತ್ರವನ್ನು ಪುಕ್ಕಟೆ ತೋರಿಸಿದರೂ, ಸಾಮಾನ್ಯವಾಗಿ ಕೊಡಬೇಕಾದ ಬೆಲೆ ಕೊಡದೆ ಬೇರೆಯವರ ಸೃಷ್ಟಿಯಿಂದ ಪ್ರಯೋಜನ ಪಡೆದರೆ ಅದೂ ವಾಣಿಜ್ಯ ಬಳಕೆಯೇ. ಎತ್ತಿದ ದೇಣಿಗೆ ಮಾತ್ರವಲ್ಲ, ಮುಂದೆ ಕೆಲಸ ಸಿಗಲಿ ಎಂಬ ಆಸೆಯೂ ಆ ಪ್ರಯೋಜನದ ಲೆಕ್ಕಕ್ಕೆ ಬಂತು. ‘ಮೂಲಕ್ಕೆ ಚಾಚೂ ತಪ್ಪದೆ ನಿಷ್ಠರಾಗಿದ್ದೇವೆ’ ಎಂಬ ಹೆಮ್ಮೆಯೂ ತಿರುಗುಬಾಣವಾಯಿತು, ಏಕೆಂದರೆ ನಿಷ್ಠೆ ಹೆಚ್ಚಿದಷ್ಟೂ ಹೊಸದೇನೂ ಸೇರಿಸಿಲ್ಲ ಎಂದೇ ಅರ್ಥ. ಅಣಕವಾಗಿದ್ದರೆ ವಾದಕ್ಕೆ ಜಾಗವಿತ್ತು, ಭಕ್ತಿಗೆ ಇರಲಿಲ್ಲ. ಜ್ಯೂರಿಯ ಮುಂದೆ ವಿಚಾರಣೆ ಶುರುವಾಗುವ ಮೊದಲೇ, ಜನವರಿ 20ರಂದು ರಾಜಿಯಾಯಿತು: ತಲಾ 15 ನಿಮಿಷದ ಎರಡು ಕಂತು ಮಾಡಬಹುದು, ಜಾಹೀರಾತು ಹಾಕುವಂತಿಲ್ಲ, ಅದಕ್ಕಾಗಿ ಸಾರ್ವಜನಿಕವಾಗಿ ಮತ್ತೆ ಹಣ ಎತ್ತುವಂತಿಲ್ಲ. ಪೂರ್ಣಪ್ರಮಾಣದ ಚಿತ್ರ ಬರುತ್ತದೆಂದು ಹಣ ಕೊಟ್ಟಿದ್ದ ಸಾವಿರಾರು ಜನರ ಪಾಲಿಗೆ ಉಳಿದದ್ದು ಇಷ್ಟೇ.

ಸ್ಟುಡಿಯೋಗಳದ್ದೂ ತಪ್ಪಿಲ್ಲವೆಂದಲ್ಲ. ಸ್ಟಾರ್ ಟ್ರೆಕ್ ಅಭಿಮಾನಿ ಚಿತ್ರಗಳನ್ನು ವರ್ಷಗಟ್ಟಲೆ ನೋಡಿಯೂ ನೋಡದಂತಿದ್ದು, ಮೊದಲ ದೊಡ್ಡ ಮೊತ್ತ ಸಂಗ್ರಹವಾದ ವರ್ಷಕ್ಕೂ ಮೀರಿದ ಮೇಲೆ ಕೋರ್ಟಿಗೆ ಹೋದರು. ಅಭಿಮಾನಿ ಚಿತ್ರಗಳಿಗೆ ಅವರ ಲಿಖಿತ ನಿಯಮಗಳು ಬಂದದ್ದು ದಾವೆ ಹೂಡಿ ಸುಮಾರು ಆರು ತಿಂಗಳಾದ ಮೇಲೆ, 2016ರ ಜೂನ್ 23ರಂದು. ಅವು ಬಿಗಿಯಾಗಿಯೇ ಇವೆ. ಒಂದು ಕಥೆ 15 ನಿಮಿಷ ಮೀರಬಾರದು. ಎರಡು ಕಂತಾದರೆ ಒಟ್ಟು 30 ನಿಮಿಷ, ಅದರಾಚೆ ಮುಂದುವರಿಕೆ ಇಲ್ಲ. ಶೀರ್ಷಿಕೆಯಲ್ಲಿ ‘ಸ್ಟಾರ್ ಟ್ರೆಕ್’ ಇರಬಾರದು, ಆದರೆ ಇದು ಅಭಿಮಾನಿಗಳ ನಿರ್ಮಾಣ ಎಂದು ಉಪಶೀರ್ಷಿಕೆಯಲ್ಲಿ ಇರಲೇಬೇಕು. ಮೂಲದ ದೃಶ್ಯದ ತುಣುಕು ಬಳಸುವುದೂ ಇಲ್ಲ, ಅದನ್ನೇ ಮತ್ತೆ ಚಿತ್ರೀಕರಿಸುವುದೂ ಇಲ್ಲ. ಅಂಗಡಿಯಲ್ಲಿ ಸಿಗುವ ಸಮವಸ್ತ್ರವನ್ನೋ ಆಟಿಕೆಯನ್ನೋ ಬಳಸುವುದಾದರೆ ಅಧಿಕೃತವಾದದ್ದನ್ನೇ ಕೊಳ್ಳಬೇಕು, ನಕಲಿ ಕೂಡದು. ಯಾರಿಗೂ ಸಂಬಳವಿಲ್ಲ, ಯಾವುದೇ ಅಧಿಕೃತ ಸ್ಟಾರ್ ಟ್ರೆಕ್ ಸರಣಿ, ಚಿತ್ರದಲ್ಲಿ ಕೆಲಸ ಮಾಡಿದವರು ತಂಡದಲ್ಲಿರುವಂತಿಲ್ಲ. ಡಿವಿಡಿ ಹಂಚುವಂತಿಲ್ಲ. ಇಷ್ಟೆಲ್ಲ ಪಾಲಿಸಿದರೂ ಇದು ಲೈಸೆನ್ಸ್ ಅಲ್ಲ, ಯಾವಾಗ ಬೇಕಾದರೂ ಬದಲಾಯಿಸುತ್ತೇವೆ, ಹಿಂತೆಗೆದುಕೊಳ್ಳುತ್ತೇವೆ ಎಂಬ ಷರತ್ತು ಬೇರೆ. ಆಕ್ಸನಾರ್ ಮಾಡಿದ್ದನ್ನೆಲ್ಲ ಒಂದೊಂದಾಗಿ ಮುಂದಿಟ್ಟುಕೊಂಡು ಬರೆದಂತಿದೆ ಈ ಪಟ್ಟಿ.

ಇದೇ ನಿಯಮಗಳಲ್ಲಿ ಹಣದ ಮಿತಿ 50,000 ಡಾಲರ್. ಇದರಲ್ಲಿ ವೇದಿಕೆಯ ಶುಲ್ಕವೂ ಸೇರಿದೆ ಎಂಬ ಸಾಲನ್ನು ಹಲವರು ಓದುವುದೇ ಇಲ್ಲ. ಕಿಕ್‌ಸ್ಟಾರ್ಟರ್ 5 ಶೇಕಡಾ ತೆಗೆದುಕೊಂಡರೆ 2,500 ಡಾಲರ್ ಹೋಯಿತು. ಪಾವತಿ ಶುಲ್ಕ 3 ಶೇಕಡಾ, ಅಂದರೆ 1,500. ಅದರ ಮೇಲೆ ಪ್ರತಿ ದೇಣಿಗೆಗೆ 20 ಸೆಂಟ್. ಸಾವಿರ ಜನ ಕೊಟ್ಟರೆ ಇನ್ನೂ 200. ಕೈಗೆ ಬರುವುದು 45,800 ಡಾಲರ್. ಕೊಟ್ಟವರಿಗೆ ಟೀ ಶರ್ಟ್, ಬ್ಯಾಡ್ಜ್ ಕಳಿಸುವ ಖರ್ಚು ಅದರಿಂದಲೇ ಬರಬೇಕು. ಲೈಸೆನ್ಸ್ ಇಲ್ಲದೆ ಸ್ಟಾರ್ ಟ್ರೆಕ್ ಹೆಸರಿನ ಇಲ್ಲವೇ ಈ ಚಿತ್ರದ್ದೇ ಹೆಸರಿನ ಟೀ ಶರ್ಟ್ ಹಂಚಿದರೆ ಅದೇ ಇನ್ನೊಂದು ಉಲ್ಲಂಘನೆ. 50,000 ಮುಟ್ಟಿದೊಡನೆ ಸಂಗ್ರಹ ನಿಲ್ಲಿಸಬೇಕು.

ನೋಟಿಸ್ ಯಾವಾಗ ಬರುತ್ತದೆ ಎಂಬುದರ ಮೇಲೆ ನಷ್ಟ ಯಾರಿಗೆ ಎಂಬುದು ನಿಂತಿದೆ. ಹ್ಯಾರಿ ಪಾಟರ್ ಲೋಕದ ವೋಲ್ಡೆಮಾರ್ಟ್ ಪಾತ್ರದ ಮೇಲೆ ಇಟಲಿಯ ತಂಡವೊಂದು 2016ರಲ್ಲಿ ಕಿಕ್‌ಸ್ಟಾರ್ಟರ್‌ಗೆ ಹೋದಾಗ ವಾರ್ನರ್ ಬ್ರದರ್ಸ್ ಸಂಗ್ರಹದ ನಡುವೆಯೇ ತಡೆಯಿತು. ಕಿಕ್‌ಸ್ಟಾರ್ಟರ್‌ನಲ್ಲಿ ಗುರಿ ಮುಟ್ಟಿ ಅವಧಿ ಮುಗಿದ ಮೇಲಷ್ಟೇ ಕಾರ್ಡಿನಿಂದ ಹಣ ಕಡಿತವಾಗುವುದರಿಂದ, ನಡುವೆ ನಿಂತ ಸಂಗ್ರಹದಿಂದ ಕೊಟ್ಟವರ ಜೇಬಿಗೆ ಕತ್ತರಿ ಬೀಳುವುದಿಲ್ಲ. ಆಮೇಲೆ ಆ ತಂಡ ಕಂಪನಿಯೊಂದಿಗೆ ಮಾತುಕತೆ ನಡೆಸಿ, ಲಾಭವಿಲ್ಲದ ಷರತ್ತಿಗೆ ಒಪ್ಪಿ, 2018ರ ಜನವರಿಯಲ್ಲಿ ಚಿತ್ರವನ್ನು ಯೂಟ್ಯೂಬ್‌ಗೆ ಪುಕ್ಕಟೆಯಾಗಿ ಹಾಕಿತು. ಆಕ್ಸನಾರ್‌ಗೆ ದಾವೆ ಬಂದದ್ದು ಹಣ ಖರ್ಚಾಗತೊಡಗಿದ ಮೇಲೆ. ಆದ್ದರಿಂದ ಸ್ಟುಡಿಯೋಗೆ ಪತ್ರ ಬರೆಯುವುದು ಸಂಗ್ರಹಕ್ಕಿಂತ ಮೊದಲು ಆಗಬೇಕಾದ ಕೆಲಸ. ಉತ್ತರ ಬರದಿದ್ದರೆ ಅದನ್ನು ಒಪ್ಪಿಗೆ ಎಂದುಕೊಳ್ಳಬಾರದು. ‘ಅವರಿಗೆ ಗೊತ್ತು, ಏನೂ ಅನ್ನಲಿಲ್ಲ’ ಎಂಬ ಮಾತಿಗೆ ಕೋರ್ಟಿನಲ್ಲಿ ಬೆಲೆ ಕಡಿಮೆ.

ಸಂಗೀತದ್ದು ಬೇರೆಯೇ ಗೋಳು. 2018ರ ಡಿಸೆಂಬರಿನಲ್ಲಿ ಬಂದ, ‘ಸ್ಟಾರ್ ವಾರ್ಸ್’ ಚಿತ್ರಗಳ ಖಳ ಡಾರ್ತ್ ವೇಡರ್ ಕುರಿತ ಅಭಿಮಾನಿ ಚಿತ್ರದಿಂದ ಅದನ್ನು ಮಾಡಿದವರು ಹಣ ಗಳಿಸುತ್ತಿರಲಿಲ್ಲ. ಮೂಲದ ಧ್ವನಿಮುದ್ರಣವನ್ನೂ ಬಳಸಿರಲಿಲ್ಲ, ವಾದ್ಯವೃಂದದಿಂದ ಹೊಸದಾಗಿ ನುಡಿಸಿದ್ದರು. ಆದರೂ ರಾಗದ ಹಕ್ಕು ನಮ್ಮದು ಎಂದು ಸಂಗೀತ ಪ್ರಕಾಶನ ಸಂಸ್ಥೆಯೊಂದು ಕ್ಲೈಮ್ ಹಾಕಿತು. ಅಭಿಮಾನಿಗಳು ಗದ್ದಲ ಎಬ್ಬಿಸಿದ ಮೇಲೆ ಕ್ಲೈಮ್ ಹಿಂದೆ ಹೋಯಿತು. ಪಾಠವಿಷ್ಟೇ: ಸ್ವರಪ್ರಸ್ತಾರಕ್ಕೆ ಒಂದು ಹಕ್ಕು, ಧ್ವನಿಮುದ್ರಣಕ್ಕೆ ಇನ್ನೊಂದು. ‘ನಾವೇ ನುಡಿಸಿದ್ದೇವೆ’ ಎಂದರೆ ಎರಡನೆಯದು ಮಾತ್ರ ಬಗೆಹರಿಯುತ್ತದೆ.

ಯೂಟ್ಯೂಬ್‌ನಲ್ಲಿ ಕ್ಲೈಮ್ ಬೇರೆ, ಸ್ಟ್ರೈಕ್ ಬೇರೆ. ಕ್ಲೈಮ್ ಬಂದರೆ ಸಾಮಾನ್ಯವಾಗಿ ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗುತ್ತದೆ ಅಥವಾ ವಿಡಿಯೋ ಕಾಣದಂತಾಗುತ್ತದೆ. ಆಕ್ಷೇಪ ಸಲ್ಲಿಸಿದರೆ ಅವರಿಗೆ ಉತ್ತರಿಸಲು 30 ದಿನ. ಸ್ಟ್ರೈಕ್ ಎಂದರೆ ವಿಡಿಯೋ ತೆಗೆಸಿದ್ದಾರೆ ಎಂದರ್ಥ. 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು. ವಿಡಿಯೋ ತೆಗೆಸಿದ್ದು ತಪ್ಪು ಎಂದು ಎದುರು ನೋಟಿಸ್ ಕೊಡುವ ಅವಕಾಶವಿದೆ. ಕೊಟ್ಟರೆ ಎದುರಿನವರು 10 ಕೆಲಸದ ದಿನಗಳಲ್ಲಿ ದಾವೆ ಹೂಡಿದ್ದನ್ನು ತೋರಿಸಬೇಕು, ಇಲ್ಲವಾದರೆ ವಿಡಿಯೋ ಮರಳುತ್ತದೆ. ಆದರೆ ಆ ಫಾರಂನಲ್ಲಿ ನಿಮ್ಮ ನಿಜವಾದ ಹೆಸರು, ವಿಳಾಸ ಕೊಡಬೇಕು, ಅಮೆರಿಕದ ಕೋರ್ಟಿನ ವ್ಯಾಪ್ತಿಗೆ ಒಪ್ಪಬೇಕು. ಹಾಸನದಲ್ಲಿ ಕೂತು ಕ್ಯಾಲಿಫೋರ್ನಿಯಾದ ಕೋರ್ಟಿಗೆ ಸಹಿ ಹಾಕುತ್ತಿದ್ದೇವೆ ಎಂಬ ಅರಿವಿಟ್ಟುಕೊಂಡೇ ಅದನ್ನು ತುಂಬಬೇಕು.

ಇನ್ನು ನಮ್ಮ ಕಾನೂನು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಅಮೆರಿಕದ ಫೇರ್ ಯೂಸ್‌ನಷ್ಟು ಅಗಲವಾಗಿಲ್ಲ. ಅದರ ನ್ಯಾಯೋಚಿತ ಬಳಕೆಯ ವಿನಾಯಿತಿ ಇರುವುದು ಖಾಸಗಿ ಬಳಕೆ ಹಾಗೂ ಸಂಶೋಧನೆ, ವಿಮರ್ಶೆ, ಪ್ರಚಲಿತ ವಿದ್ಯಮಾನದ ವರದಿಗೆ. ಅಭಿಮಾನ ಎಂಬ ಬಾಬತ್ತು ಅದರಲ್ಲಿಲ್ಲ. 63ನೇ ಕಲಮಿನಡಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲವಾದರೆ ನ್ಯಾಯಾಲಯ ಕಾರಣ ಬರೆದು ಶಿಕ್ಷೆ ಕಡಿಮೆ ಮಾಡಬಹುದು. ‘ಲಾಭವಿಲ್ಲ’ ಎಂಬ ಮಾತಿಗೆ ಇಲ್ಲಿ ಇಷ್ಟು ಉಪಯೋಗವುಂಟು. ಇದು ಸಂಜ್ಞೇಯ, ಜಾಮೀನುರಹಿತ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಹಾಗಾಗಿ ನೇರವಾಗಿ ಠಾಣೆಯಲ್ಲೇ ಎಫ್‌ಐಆರ್ ಆಗಬಹುದು. ಇನ್ನೊಂದು ಬದಿಯೂ ಇದೆ. ಆರ್.ಜಿ. ಆನಂದ್ ಪ್ರಕರಣದಲ್ಲಿ 1978ರಲ್ಲೇ ಸುಪ್ರೀಂ ಕೋರ್ಟ್, ಕಲ್ಪನೆಗೆ, ಕಥಾವಸ್ತುವಿಗೆ ಹಕ್ಕಿಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಹಕ್ಕು ಎಂದಿದೆ. ಸುಮ್ಮನೆ ಬೆದರಿಸುವ ನೋಟಿಸ್ ಬಂದರೆ 60ನೇ ಕಲಮಿನಡಿ ನೀವೇ ಕೋರ್ಟಿಗೆ ಹೋಗಬಹುದು. 2013ರ ನಿಯಮಗಳಂತೆ ಜಾಲತಾಣದವರು ಲಿಖಿತ ದೂರು ಬಂದ 36 ಗಂಟೆಯೊಳಗೆ ಕೃತಿ ಸಿಗದಂತೆ ಮಾಡಬೇಕು, 21 ದಿನದೊಳಗೆ ದೂರುದಾರರು ಕೋರ್ಟಿನ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು.

ಕನ್ನಡದಲ್ಲಿ ಪ್ರೇಕ್ಷಕರ ಹಣದಿಂದಲೇ ಚಿತ್ರ ಮಾಡಬಹುದೆಂದು 2013ರ ‘ಲೂಸಿಯಾ’ ತೋರಿಸಿತು. ಅದು ಸ್ವಂತ ಕಥೆ, ಹಕ್ಕಿನ ತಂಟೆ ಇರಲಿಲ್ಲ. ಹಳೆಯ ಜನಪ್ರಿಯ ಪಾತ್ರವೊಂದನ್ನು ಎತ್ತಿಕೊಂಡರೆ ಮಾತ್ರ ಒಬ್ಬರ ಒಪ್ಪಿಗೆ ಸಾಲದು. ಚಿತ್ರದ ಹಕ್ಕು ನಿರ್ಮಾಪಕರದ್ದೋ ಅವರಿಂದ ಕೊಂಡವರದ್ದೋ ಆಗಿರುತ್ತದೆ, ಹಾಡುಗಳದ್ದು ಬಹುಪಾಲು ಆಡಿಯೋ ಕಂಪನಿಯದ್ದು, ಕಾದಂಬರಿ ಆಧಾರಿತವಾದರೆ ಲೇಖಕರ ಮನೆಯವರದ್ದೂ ಇರುತ್ತದೆ. ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಶೀರ್ಷಿಕೆ ನೋಂದಾಯಿಸುವುದು ಉದ್ಯಮದ ಒಳಗಿನ ಪದ್ಧತಿ, ಅದರಿಂದ ಪಾತ್ರದ ಹಕ್ಕು ಸಿಗುವುದಿಲ್ಲ. ತೀರಾ ಹಳೆಯದಾದರೆ ಲೆಕ್ಕ ಹಾಕಿ: ಚಿತ್ರದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ. 1965ರಲ್ಲಿ ತೆರೆಕಂಡದ್ದರ ಅವಧಿ 2025ರ ಡಿಸೆಂಬರ್ 31ರವರೆಗೆ. ಅದರ ಹಾಡಿನ ಸಾಹಿತ್ಯದ ಹಕ್ಕು ಮಾತ್ರ ಕವಿ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ.

ಹೊರದೇಶದ ಕನ್ನಡಿಗರಿಂದ ಹಣ ತರಿಸುವವರಿಗೆ ಒಂದು ಮಾತು. ಕಿಕ್‌ಸ್ಟಾರ್ಟರ್ ಭಾರತದಲ್ಲಿರುವವರಿಗೆ ಸಂಗ್ರಹ ತೆರೆಯಲು ಬಿಡುವುದಿಲ್ಲ. ಅಮೆರಿಕದ ಗೆಳೆಯರ ಹೆಸರಿನಲ್ಲಿ ತೆರೆದರೆ ಕಾನೂನಿನ ಹೊಣೆಯೂ ಅವರ ತಲೆಗೆ ಬರುತ್ತದೆ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದವರು ಕೊಟ್ಟದ್ದು ವಿದೇಶಿ ಮೂಲದ ಹಣವಾಗುತ್ತದೆ, ಆದ್ದರಿಂದ ಸಂಘದ ಖಾತೆಗೆ ಹಾಕಿಸಿಕೊಳ್ಳುವ ಮೊದಲು ಲೆಕ್ಕ ಪರಿಶೋಧಕರನ್ನು ಕೇಳಬೇಕು. ವ್ಯಕ್ತಿಯ ಖಾತೆಗೆ ಪ್ರತಿಫಲವಿಲ್ಲದೆ ಬಂಧುಗಳಲ್ಲದವರಿಂದ ಬಂದ ಹಣ ವರ್ಷಕ್ಕೆ 50,000 ರೂಪಾಯಿ ದಾಟಿದರೆ ಪೂರ್ತಿ ಮೊತ್ತ ತೆರಿಗೆಯ ಆದಾಯ.

ನಮ್ಮ ಚಿತ್ರ ನಿರ್ಮಾಣ ಸಂಸ್ಥೆಗಳಲ್ಲಿ ನಮ್ಮ ವಿನಂತಿ ದೊಡ್ಡದೇನಲ್ಲ: ಅಭಿಮಾನಿಗಳು ಎಷ್ಟು ನಿಮಿಷ, ಎಷ್ಟು ಹಣದವರೆಗೆ ಚಿತ್ರ ಮಾಡಬಹುದು, ಹಾಡು ಬಳಸಬಹುದೇ, ಒಪ್ಪಿಗೆಗೆ ಯಾವ ವಿಳಾಸಕ್ಕೆ ಬರೆಯಬೇಕು ಎಂಬುದನ್ನು ಒಂದು ಪುಟದಲ್ಲಿ ಪ್ರಕಟಿಸಿ. ವಾಣಿಜ್ಯ ಮಂಡಳಿ ಒಂದು ಮಾದರಿ ಕರಡು ಮಾಡಿಕೊಟ್ಟರೆ ಸಣ್ಣ ನಿರ್ಮಾಪಕರಿಗೂ ವಕೀಲರ ಫೀಸು ಉಳಿಯುತ್ತದೆ. ಹಣ ಎತ್ತುವವರೂ ಮೊದಲ ದಿನವೇ ತಮ್ಮ ಪುಟದಲ್ಲಿ ಬರೆಯಬೇಕಾದ್ದು: ಹಕ್ಕುದಾರರ ಒಪ್ಪಿಗೆ ಸಿಕ್ಕಿದೆಯೇ ಇಲ್ಲವೇ, ನೋಟಿಸ್ ಬಂದು ಕೆಲಸ ನಿಂತರೆ ಉಳಿದ ಹಣದಲ್ಲಿ ಎಷ್ಟನ್ನು, ಎಷ್ಟು ದಿನದೊಳಗೆ, ಯಾರು ಹಿಂದಿರುಗಿಸುತ್ತಾರೆ.

ಇಂತಿ,
ಚಿತ್ರಗಳ ಹಕ್ಕುಪತ್ರ, ಕರಾರುಗಳ ಕೆಲಸ ಮಾಡುವ ಓದುಗರು
ಬೆಂಗಳೂರು