ಬಾಲದ ಮೇಲೆ ಕೂತ ವಿಮಾನ

ಪ್ರೀತಿಯ ಅಪ್ಪ, ಅಮ್ಮ,

ನಾನು ಚೆನ್ನಾಗಿದ್ದೇನೆ. ನೀವೂ ಹಾಗೇ ಇದ್ದೀರಿ ಅಂದುಕೊಂಡಿದ್ದೇನೆ. ಮೊನ್ನೆ ಫೋನಿನಲ್ಲಿ ಅಮ್ಮ, ಅಷ್ಟು ಹೊತ್ತಿನವರೆಗೆ ದೀಪ ಹಾಕಿಕೊಂಡು ಏನು ಮಾಡ್ತೀಯಾ ಅಂತ ಕೇಳಿದಳು. ಹೇಳುವಷ್ಟರಲ್ಲಿ ಲೈನ್ ಕಟ್ಟಾಯಿತು. ವಿಮಾನ ಕಟ್ಟುತ್ತಿದ್ದೇನೆ. ನಗಬೇಡಿ.

ಪ್ಲಾಸ್ಟಿಕ್ ಕಿಟ್. ಮೆಸ್ಸರ್‌ಶ್ಮಿಟ್ 262, ಜರ್ಮನಿಯವರ ಜೆಟ್ ಫೈಟರ್. ಯುದ್ಧಕ್ಕಿಳಿದ ಮೊದಮೊದಲ ಜೆಟ್‌ಗಳಲ್ಲಿ ಇದೂ ಒಂದು. ಅಳತೆ 1/72. ಹತ್ತೂವರೆ ಮೀಟರ್ ಉದ್ದದ ವಿಮಾನ ಗೇಣಿನೊಳಗೇ ಮುಗಿದುಹೋಗುತ್ತದೆ. ಎರಡು ಎಂಜಿನ್‌ಗಳ ಸಂದಿ ಮುಚ್ಚುವುದೇ ಮೂರು ಸಂಜೆ ತಿಂದಿತು. ಪುಟ್ಟಿ ಹಚ್ಚು, ಉಜ್ಜು, ನೋಡು, ಮತ್ತೆ ಹಚ್ಚು. ಕಣ್ಣಿಗೆ ಕಾಣದ ಗೆರೆ ಉಗುರಿಗೆ ಸಿಗುತ್ತದೆ, ಗೊತ್ತಾ?

ಎಲ್ಲಾ ಚೆನ್ನಾಗೇ ಆಯಿತು. ಮೊನ್ನೆ ಚಕ್ರ ಅಂಟಿಸಿ, ಒಣಗಿದ ಮೇಲೆ ಮೇಜಿನ ಮೇಲೆ ಇಟ್ಟೆ. ಮೂಗು ಮೇಲೆತ್ತಿ, ಬಾಲ ಊರಿ ಧೊಪ್ಪನೆ ಕೂತಿತು! ಮೂಗಿನೊಳಗೆ ತೂಕ ತುಂಬಿ ಅಂತ ಮೊದಲ ಪುಟದಲ್ಲೇ ಬರೆದಿತ್ತು. ನಾನು ಚಿತ್ರ ನೋಡಿದೆ, ಅಕ್ಷರ ಓದಲಿಲ್ಲ. ಅಪ್ಪ, ನೀವು ಏನು ಹೇಳ್ತೀರಿ ಅಂತ ಗೊತ್ತು, ಬಿಡಿ.

ಆದರೆ ಕೇಳಿ, ನಿಜವಾದ ವಿಮಾನವೂ ಮೊದಲು ಬಾಲದ ಮೇಲೇ ಕೂತಿತ್ತು. ಪರೀಕ್ಷೆಗೆ ಅಂತ ಕಟ್ಟಿದ ಶುರುವಿನ ಮಾದರಿಗಳಿಗೆ ಮೂಗಿನಡಿ ಚಕ್ರವೇ ಇರಲಿಲ್ಲ, ಬಾಲದಡಿ ಇತ್ತು. ಪ್ರೊಪೆಲ್ಲರ್ ಇದ್ದರೆ ಅದರ ಗಾಳಿ ಬಾಲದ ರೆಕ್ಕೆಗೆ ಬಡಿದು ಬಾಲ ಏಳುತ್ತದೆ. ಜೆಟ್‌ನಲ್ಲಿ ಆ ಗಾಳಿ ಎಲ್ಲಿಂದ ಬರಬೇಕು? ಸಾಲದ್ದಕ್ಕೆ ಎದುರಿನಿಂದ ಬರುವ ಗಾಳಿಗೂ ದೊಡ್ಡ ರೆಕ್ಕೆ ಬೇರೆ ಅಡ್ಡ. 1942ರ ಜುಲೈ 18ರಂದು ಜರ್ಮನಿಯ ಲೈಪ್‌ಹೈಮ್‌ನಲ್ಲಿ ಪೈಲಟ್ ಫ್ರಿಟ್ಸ್ ವೆಂಡೆಲ್ ಮೂರನೇ ಮಾದರಿಯನ್ನು ಓಡಿಸಿದ. ಬಾಲ ಏಳಲೇ ಇಲ್ಲ. ಮತ್ತೊಂದು ಸಲ ಗಂಟೆಗೆ 180 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಬ್ರೇಕನ್ನು ಒಮ್ಮೆ ಮೆಲ್ಲಗೆ ಮುಟ್ಟಿದ. ಮೂಗು ಮುಗ್ಗರಿಸಿತು, ಬಾಲ ಎದ್ದಿತು, ವಿಮಾನ ಹಾರಿತು. ಹಾರಬೇಕಾದರೆ ಬ್ರೇಕ್ ಹಾಕಬೇಕು ಅಂದರೆ ಎಂಥಾ ಧೈರ್ಯ ಬೇಕು! ಐದನೇ ಮಾದರಿಯಿಂದ ಮೂಗಿನ ಚಕ್ರ ಬಂತು. ರೆಕ್ಕೆ ಹಿಂದಕ್ಕೆ ಬಾಗಿರುವುದೂ ತೂಕದ ಕಥೆಯೇ. ಎಂಜಿನ್ ಅಂದುಕೊಂಡದ್ದಕ್ಕಿಂತ ಜಾಸ್ತಿ ಭಾರ ಬರುತ್ತದೆ ಅಂತ ಗೊತ್ತಾಗಿ, ಸಮತೋಲಕ್ಕೆ 18.5 ಡಿಗ್ರಿ ಬಗ್ಗಿಸಿದರು.

ನಾನೇನು ಮಾಡಿದೆ ಅಂದರೆ, ಮುಂದಿನ ಚಕ್ರದ ಗೂಡಿನಲ್ಲಿ ಸಣ್ಣ ತೂತು ಕೊರೆದೆ. ಸಾಸಿವೆಗಿಂತ ಚೂರು ದೊಡ್ಡ ಸೀಸದ ಗುಂಡುಗಳನ್ನು ಚಿಮಟದಲ್ಲಿ ಹಿಡಿದು ಒಂದೊಂದಾಗಿ ಒಳಗೆ ಬಿಟ್ಟೆ, ಮೇಲೆ ಸೂಪರ್ ಗ್ಲೂ ತೊಟ್ಟಿಕ್ಕಿಸಿದೆ. ಬಿಳಿ ಅಂಟು ಹಾಕಬಾರದು. ಸೀಸ ಅದರ ಜೊತೆ ಸೇರಿ ಕೆಲವು ವರ್ಷದಲ್ಲಿ ಉಬ್ಬಿ ಪ್ಲಾಸ್ಟಿಕ್ಕನ್ನೇ ಸೀಳಬಹುದು. ಅರ್ಧ ಗುಂಡು ನೆಲಕ್ಕೆ ಬಿದ್ದು ಉರುಳಿದವು. ಕೊನೆಗೆ ಮೂಗು ಮೆಲ್ಲಗೆ ಇಳಿದು ಮೂರೂ ಚಕ್ರ ಮೇಜಿಗೆ ತಾಗಿದಾಗ ನಾನೊಬ್ಬನೇ ಚಪ್ಪಾಳೆ ತಟ್ಟಿದೆ.

ಹಿಟ್ಲರನ ವಿಮಾನ ಮನೆಯಲ್ಲಿ ಯಾಕೆ ಅಂತ ಅಮ್ಮ ಕೇಳಬಹುದು. ನನಗೂ ಅದು ಅನಿಸಿದೆ. ಇದರ ಒಡಲನ್ನು ಆಸ್ಟ್ರಿಯಾದ ಗೂಸೆನ್‌ನ ಸುರಂಗದಲ್ಲಿ ಸೆರೆ ಶಿಬಿರದ ಕೈದಿಗಳಿಂದ ಮಾಡಿಸಿದ್ದರು, ಎಷ್ಟೋ ಜನ ಅಲ್ಲೇ ಸತ್ತರು. ಅದನ್ನು ಓದಿದ ರಾತ್ರಿ ಕೆಲಸ ಮುಂದುವರಿಸಲಿಲ್ಲ. ವಿಮಾನದ ಬಗ್ಗೆ ಯಾರಾದರೂ ಕೇಳಿದರೆ ಈಗ ಅದನ್ನೂ ಸೇರಿಸಿಯೇ ಹೇಳುತ್ತೇನೆ.

ಪೈಲಟ್ ತಲೆ ಮೇಲಿನ ಪಾರದರ್ಶಕ ಮುಚ್ಚಳ ಒಂದು ಬಾಕಿ. ಅಲ್ಲಿ ಸೂಪರ್ ಗ್ಲೂ ಹಾಕಿದರೆ ಆವಿಗೆ ಬೆಳ್ಳಗೆ ಮಂಜು ಹಿಡಿಯುತ್ತದೆ. ಅಲ್ಲಿಗೆ ಮಾತ್ರ ಬಿಳಿ ಅಂಟೇ ಸರಿ. ಭಾನುವಾರ ಅಂಟಿಸಿ ಫೋಟೋ ಕಳಿಸುತ್ತೇನೆ. ಕೆಳಗಿನಿಂದ ತೆಗೆಯಲ್ಲ, ತೂತು ಕಾಣುತ್ತದೆ.

ನಿಮ್ಮ ಮಗ