ಸ್ವಿಟ್ಜರ್ಲೆಂಡ್ ದುಬಾರಿಯೇ, ಆದರೆ ಲೆಕ್ಕ ಹಾಕಿ ಹೋದರೆ ಆಗುತ್ತದೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಸ್ವಿಟ್ಜರ್ಲೆಂಡ್ ಪ್ರವಾಸದ ಲೇಖನ ಓದಿದೆ. ಚಿತ್ರಗಳು ತುಂಬಾ ಚೆನ್ನಾಗಿದ್ದವು. ಆದರೆ ಕೊನೆಯಲ್ಲಿ ಬಂದ ಮಾತು ನೋಡಿ ಸುಮ್ಮನಿರಲು ಆಗಲಿಲ್ಲ. ಅದು ನಮ್ಮಂಥ ಸಾಮಾನ್ಯರ ಕೈಗೆ ಎಟುಕುವ ದೇಶವಲ್ಲ, ಹೋದರೆ ಪ್ಯಾಕೇಜಿನಲ್ಲೇ ಹೋಗಬೇಕು ಎಂದು ಬರೆದಿದ್ದೀರಿ. ನಾನು ಹಾಸನದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ನಮ್ಮ ಯಜಮಾನರದು ಸಣ್ಣ ಸ್ಟೇಷನರಿ ಅಂಗಡಿ. 2024ರ ಮೇ ತಿಂಗಳಲ್ಲಿ, ಲೋಕಸಭೆ ಚುನಾವಣೆಯ ಡ್ಯೂಟಿ ಮುಗಿಸಿ, ಬೇಸಿಗೆ ರಜೆಯಲ್ಲೇ ನಾವಿಬ್ಬರೂ 13 ವರ್ಷದ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿ 9 ರಾತ್ರಿ ಇದ್ದು ಬಂದೆವು. ಪ್ಯಾಕೇಜಿನಲ್ಲಿ ಅಲ್ಲ. ಅದಕ್ಕೇ ಈ ಪತ್ರ.

ಖರ್ಚು ಎಷ್ಟಾಯಿತು ಎಂದು ಮೊದಲೇ ಹೇಳಿಬಿಡುತ್ತೇನೆ. ಮೂರು ಜನಕ್ಕೆ ಒಟ್ಟು 4 ಲಕ್ಷ 32 ಸಾವಿರ. ಕಡಿಮೆ ಎನ್ನುವುದಿಲ್ಲ, ನಾಲ್ಕು ವರ್ಷ ಚೀಟಿ ಕಟ್ಟಿ ಕೂಡಿಸಿದ ದುಡ್ಡು ಅದು. ಆದರೆ ನಮ್ಮೂರಿನ ಒಬ್ಬ ಏಜೆಂಟರು ಇದೇ ಪ್ರವಾಸಕ್ಕೆ ತಲೆಗೆ 2 ಲಕ್ಷ 75 ಸಾವಿರ ಹೇಳಿದ್ದರು. ಮೂರು ಜನಕ್ಕೆ 8 ಲಕ್ಷದ ಮೇಲಾಯಿತು. ಪ್ಯಾಕೇಜ್ ತೆಗೆದುಕೊಳ್ಳದಿದ್ದರೆ ವೀಸಾನೇ ಸಿಗಲ್ಲ ಎಂದೂ ಹೆದರಿಸಿದ್ದರು. ಅದು ಸುಳ್ಳು. ಬೆಂಗಳೂರಿನಲ್ಲೇ ಅರ್ಜಿ ಕೇಂದ್ರವಿದೆ. ನಾವೇ ಅರ್ಜಿ ಹಾಕಿದೆವು. ಬ್ಯಾಂಕಿನ ಲೆಕ್ಕಪಟ್ಟಿ, ಯಜಮಾನರ ತೆರಿಗೆ ರಿಟರ್ನ್, ನನ್ನ ಇಲಾಖೆಯ ಎನ್‌ಒಸಿ, ಹೋಗಿ ಬರುವ ಟಿಕೆಟ್, ಉಳಿಯುವ ಜಾಗದ ಬುಕಿಂಗ್, ಕನಿಷ್ಠ 30 ಸಾವಿರ ಯೂರೋ ರಕ್ಷಣೆ ಕೊಡುವ ಪ್ರಯಾಣ ವಿಮೆ ಇಟ್ಟೆವು. ವೀಸಾ ಬಂತು. ಅರ್ಜಿಯನ್ನು 6 ತಿಂಗಳು ಮೊದಲೇ ಹಾಕಬಹುದು, ಕೊನೇ ಗಳಿಗೆಗೆ ಇಟ್ಟುಕೊಂಡರೇ ತಾಪತ್ರಯ. ನಾವು ಹೋದಾಗ ಶುಲ್ಕ 80 ಯೂರೋ ಇತ್ತು, ಆ ಜೂನ್ 11ರಿಂದ 90 ಆಗಿದೆ. 12 ತುಂಬಿದ ಮಕ್ಕಳಿಗೆ ದೊಡ್ಡವರ ಶುಲ್ಕವೇ.

ಸರ್ಕಾರಿ ನೌಕರರಿಗೆ ಇನ್ನೊಂದು ಮಾತು. ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿ ಬೇಕೇ ಬೇಕು, ಆ ಕಾಗದವೂ ನಿಧಾನಕ್ಕೇ ನಡೆದು ಬರುತ್ತದೆ. ಟಿಕೆಟ್ ನೋಡುವ ಮೊದಲೇ ಅರ್ಜಿ ಕೊಟ್ಟುಬಿಡಿ.

ದೇಶ ದುಬಾರಿ, ಅದರಲ್ಲಿ ಎರಡು ಮಾತಿಲ್ಲ. ಆಗ ಅಲ್ಲಿಯ ಒಂದು ಸ್ವಿಸ್ ಫ್ರಾಂಕಿಗೆ 92 ರೂಪಾಯಿ ಆಸುಪಾಸು ಇತ್ತು, ಈಗ 100 ದಾಟಿದೆ. ಹೋಟೆಲಿನಲ್ಲಿ ಕೂತು ಒಂದು ಕಾಫಿ ಕುಡಿದರೆ 5 ಫ್ರಾಂಕ್. ಮೂರು ಜನ ಒಂದು ಹೊತ್ತು ಸಾಧಾರಣ ಊಟ ಮಾಡಿದರೆ 80, 90 ಫ್ರಾಂಕ್ ಹೋಗುತ್ತದೆ. ಆದರೆ ನೋಡಿ, ಈ ದುಬಾರಿ ಎಲ್ಲ ಕಡೆಯೂ ಒಂದೇ ಸಮನೆ ಹರಡಿಕೊಂಡಿಲ್ಲ. ಕೂತು ತಿನ್ನುವುದು, ಹೋಟೆಲ್ ಕೋಣೆ, ಶಿಖರಕ್ಕೆ ಹೋಗುವ ರೈಲು, ಹೊತ್ತಿಗೆ ಸರಿಯಾಗಿ ತೆಗೆಯದ ಟಿಕೆಟ್, ಈ ನಾಲ್ಕರಲ್ಲೇ ದುಡ್ಡು ಸೋರುವುದು. ಅಲ್ಲಿಯ ಜನರೇ ದಿನಾ ಬಳಸುವ ವಸ್ತು, ಅಂದರೆ ನೀರು, ಕಾಲುದಾರಿ, ಕೆರೆ ದಂಡೆ, ಕಲ್ಲುಬೆಂಚು, ದಿನಸಿ ಅಂಗಡಿ, ಊರೂರಿಗೆ ಹೋಗುವ ರೈಲು ಬಸ್ಸು, ಇವು ಒಂದೋ ಪುಕ್ಕಟೆ ಇಲ್ಲ ಲೆಕ್ಕಕ್ಕೆ ಸಿಗುವಂಥವು. ದೇಶ ಚೆಂದ ಕಾಣುವುದೂ ಇವುಗಳ ಮೂಲಕವೇ.

ನೀರಿನಿಂದಲೇ ಶುರು ಮಾಡುತ್ತೇನೆ. ಜ್ಯೂರಿಕ್ ಊರೊಂದರಲ್ಲೇ 1,200ಕ್ಕೂ ಹೆಚ್ಚು ಕಾರಂಜಿಗಳಿವೆ, ಅವುಗಳ ನೀರು ಕುಡಿಯಬಹುದು. ಬರ್ನ್‌ನಲ್ಲಿ ಹಳೇ ಪೇಟೆಯ ಬೀದಿ ನಡುವೆ 16ನೇ ಶತಮಾನದ ಬಣ್ಣದ ಬೊಂಬೆಗಳಿರುವ ಕಾರಂಜಿಗಳಿವೆ. ಒಂದರ ಮೇಲೆ ಮಗುವನ್ನು ಬಾಯಿಗಿಟ್ಟುಕೊಂಡ ರಾಕ್ಷಸ ಕೂತಿದ್ದಾನೆ, ಅವನ ತೋಳಿನ ಚೀಲದಲ್ಲಿ ಇನ್ನೂ ಕೆಲವು ಮಕ್ಕಳು. ಅವನ ಬುಡದಲ್ಲೇ ನಮ್ಮ ಮಗಳು ಮೂರು ಸ್ಟೀಲ್ ಬಾಟಲಿ ಸಾಲಾಗಿ ಇಟ್ಟು ತುಂಬಿಸಿಕೊಂಡಳು. ನೀರು ಎಷ್ಟು ತಣ್ಣಗಿತ್ತು ಎಂದರೆ ಬಾಟಲಿ ಹೊರಗೆ ಬೆವರು ಕಟ್ಟಿತು. ಒಂಬತ್ತು ದಿನದಲ್ಲಿ ನೀರಿಗೆ ಒಂದು ಪೈಸೆ ಕೊಡಲಿಲ್ಲ. ಹೋಟೆಲಿನಲ್ಲಿ ಅದೇ ನೀರಿನ ಬಾಟಲಿಗೆ 5 ಫ್ರಾಂಕ್ ಹಾಕುತ್ತಾರೆ.

ಉಳಿಯಲು ದಿನಕ್ಕೊಂದು ಊರು ಹಿಡಿಯಬೇಡಿ. ಪ್ಯಾಕೇಜಿನವರು ಹಾಗೇ ಮಾಡಿಸುತ್ತಾರೆ, ಅರ್ಧ ರಜೆ ಪೆಟ್ಟಿಗೆ ಕಟ್ಟಿ ಬಿಚ್ಚುವುದರಲ್ಲೇ ಹೋಗುತ್ತದೆ. ನಾವು ಎರಡೇ ಜಾಗ ಹಿಡಿದೆವು: 5 ರಾತ್ರಿ ಬರ್ನ್, 4 ರಾತ್ರಿ ಲೌಟರ್‌ಬ್ರುನೆನ್ ಕಣಿವೆ. ಎರಡೂ ಕಡೆ ಹಾಸ್ಟೆಲಿನಲ್ಲಿ ಮನೆಯವರಿಗೆಂದೇ ಇರುವ ಕೋಣೆ ತೆಗೆದುಕೊಂಡೆವು, ರಾತ್ರಿಗೆ ಸರಾಸರಿ 140 ಫ್ರಾಂಕ್. ಹಾಸ್ಟೆಲ್ ಎಂದರೆ ಹುಡುಗರ ಗಲಾಟೆ ಎಂದುಕೊಂಡಿದ್ದೆ. ವಯಸ್ಸಾದ ದಂಪತಿಗಳು, ಮಕ್ಕಳೊಂದಿಗರೂ ಇದ್ದರು. ಚೊಕ್ಕಟವಾಗಿತ್ತು, ರಾತ್ರಿ ಹತ್ತಾದರೆ ಪಿಸುಮಾತು. ಬರ್ನ್‌ನಲ್ಲಿ ಉಳಿಯುವವರಿಗೆ ಊರಿನ ಟ್ರಾಮ್, ಬಸ್ ಪುಕ್ಕಟೆ ಓಡಾಡಲು ಬರ್ನ್ ಟಿಕೆಟ್ ಕೊಡುತ್ತಾರೆ. ಅದರಲ್ಲೇ ಗುರ್ಟೆನ್ ಗುಡ್ಡ ಹತ್ತಿಸುವ ಪುಟ್ಟ ರೈಲೂ ಸೇರಿದೆ. ಸಂಜೆ ಅಲ್ಲಿಗೆ ಹೋಗಿ ಕೂತರೆ ಒಂದು ಕಡೆ ಇಡೀ ಊರು, ಇನ್ನೊಂದು ಕಡೆ ಹಿಮದ ಸಾಲು. ಬಾಸೆಲ್, ಜಿನೀವಾದಲ್ಲೂ ಇಂಥ ಕಾರ್ಡ್ ಇದೆ. ಇಷ್ಟು ದೊಡ್ಡ ಸೌಲಭ್ಯದ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ.

ಇನ್ನು ರೈಲು. ಇಲ್ಲಿ ಸ್ವಲ್ಪ ಕೂತು ಲೆಕ್ಕ ಮಾಡಬೇಕು. ಎಲ್ಲರೂ ಹೇಳುವುದು ಸ್ವಿಸ್ ಟ್ರಾವೆಲ್ ಪಾಸ್. ನಾವು ಹೋದಾಗ 8 ದಿನದ್ದಕ್ಕೆ ಎರಡನೇ ದರ್ಜೆಯಲ್ಲಿ ಒಬ್ಬರಿಗೆ 420 ಫ್ರಾಂಕ್ ಹತ್ತಿರ ಇತ್ತು. ಒಳ್ಳೆಯ ಪಾಸೇ, ರೈಲು, ಬಸ್ಸು, ದೋಣಿ, 500ರಷ್ಟು ಮ್ಯೂಸಿಯಂ ಎಲ್ಲ ಸೇರಿದೆ. ದಿನಾ ಊರಿಂದ ಊರಿಗೆ ಸುತ್ತುವವರಿಗೆ ಅದೇ ಸರಿ. ಆದರೆ ನಾವು ಒಂದು ದಿನ ದೂರ ಹೋಗಿ ಬಂದು ಮರುದಿನ ಇದ್ದಲ್ಲೇ ನಡೆದಾಡುವವರು. ಅದಕ್ಕೆ ಆಗ 120 ಫ್ರಾಂಕ್ ಇದ್ದ ಹಾಫ್ ಫೇರ್ ಕಾರ್ಡ್ ತೆಗೆದುಕೊಂಡೆವು, ಒಂದು ತಿಂಗಳು ಎಲ್ಲ ಟಿಕೆಟ್ ಅರ್ಧ ದರ. ದೂರ ಹೋಗುವ 4 ದಿನಕ್ಕೆ ಸೇವರ್ ಡೇ ಪಾಸ್, ಅಂದರೆ ಒಂದು ದಿನ ಪೂರ್ತಿ ಓಡಾಡುವ ಟಿಕೆಟ್. ಈ ಡೇ ಪಾಸನ್ನು ಎಷ್ಟು ಬೇಗ ಕೊಳ್ಳುತ್ತೀರೋ ಅಷ್ಟು ಅಗ್ಗ, 6 ತಿಂಗಳು ಮೊದಲೇ ಸಿಗುತ್ತದೆ, ಹಾಫ್ ಫೇರ್ ಕಾರ್ಡ್ ಇದ್ದವರಿಗೆ 29 ಫ್ರಾಂಕಿನಿಂದ ಶುರು. ನಾವು ತಡ ಮಾಡಿದ್ದರಿಂದ ಸರಾಸರಿ 40 ಬಿತ್ತು. ವಿಮಾನ ನಿಲ್ದಾಣದಿಂದ ಬರುವ ಮತ್ತು ಹೋಗುವ ದಿನ ಬರೀ ಅರ್ಧ ಟಿಕೆಟ್. ಇಬ್ಬರದೂ ಸೇರಿ 700 ಫ್ರಾಂಕ್ ಚಿಲ್ಲರೆಯಲ್ಲಿ ಎಲ್ಲ ಓಡಾಟ ಮುಗಿಯಿತು. ಮಗಳಿಗೆ? ಏನೂ ಇಲ್ಲ. 16 ತುಂಬದ ಮಕ್ಕಳಿಗೆ ಫ್ಯಾಮಿಲಿ ಕಾರ್ಡ್ ಎಂದು ಪುಕ್ಕಟೆ ಕೊಡುತ್ತಾರೆ, ಅಪ್ಪ ಅಥವಾ ಅಮ್ಮನ ಜೊತೆ ಎಲ್ಲೆಂದರಲ್ಲಿ ಹೋಗಬಹುದು. ಮಕ್ಕಳಿರುವ ಮನೆಯವರಿಗೆ ಇದಕ್ಕಿಂತ ದೊಡ್ಡ ಉಳಿತಾಯ ಇನ್ನೊಂದಿಲ್ಲ. ಆದರೆ ಕೇಳಿ ಪಡೆಯಬೇಕು, ತಾನಾಗಿ ಯಾರೂ ಕೈಗೆ ಇಡುವುದಿಲ್ಲ.

ಒಂದು ದಿನ ಡೇ ಪಾಸಿನಲ್ಲಿ ಬರ್ನ್‌ನಿಂದ ಜಿನೀವಾಕ್ಕೆ ಹೋದೆವು. ಲೊಸಾನ್ ಇನ್ನೂ ಸ್ವಲ್ಪ ದೂರ ಇರುವಾಗ ರೈಲು ಸುರಂಗದೊಳಗೆ ಹೋಯಿತು. ಹೊರಗೆ ಬಂದದ್ದೇ ತಡ, ಎಡಗಡೆ ಕಿಟಕಿ ತುಂಬಾ ನೀಲಿ ಸರೋವರ, ದಡದವರೆಗೂ ಮೆಟ್ಟಿಲು ಮೆಟ್ಟಿಲಾಗಿ ಇಳಿದ ದ್ರಾಕ್ಷಿ ತೋಟ, ಆಚೆ ದಡದಲ್ಲಿ ಹಿಮದ ಬೆಟ್ಟ. ಬೋಗಿಯಲ್ಲಿದ್ದ ಅಲ್ಲಿಯವರೂ ಓದುತ್ತಿದ್ದದ್ದನ್ನು ಬಿಟ್ಟು ತಲೆ ಎತ್ತಿದರು. ಇದು ಮಾಮೂಲಿ ರೈಲು, ಜನ ದಿನಾ ಕೆಲಸಕ್ಕೆ ಹೋಗುವ ರೈಲು. ಹೆಚ್ಚಿಗೆ ದುಡ್ಡು ಕೊಟ್ಟು ಸೀಟು ಕಾದಿರಿಸುವ ಗಾಜಿನ ಛಾವಣಿಯ ರೈಲುಗಳ ಜಾಹೀರಾತೇ ನಮ್ಮಲ್ಲಿ ಜಾಸ್ತಿ. ಅಂಥದ್ದೊಂದಾದ ಬರ್ನಿನಾ ಎಕ್ಸ್‌ಪ್ರೆಸ್ ಓಡುವ ಅದೇ ಹಳಿ ಮೇಲೆ ಸಾದಾ ರೈಲೂ ಓಡುತ್ತದೆ, ಸೀಟು ಕಾದಿರಿಸಬೇಕಿಲ್ಲ, ಕಿಟಕಿಯನ್ನೂ ತೆಗೆಯಬಹುದು. ಜಿನೀವಾದಲ್ಲಿ 18ನೇ ನಂಬರ್ ಟ್ರಾಮ್ ಹತ್ತಿದರೆ ಕೊನೆಯ ನಿಲ್ದಾಣವೇ ಸರ್ನ್, ಕಣ ಭೌತಶಾಸ್ತ್ರದ ದೊಡ್ಡ ಸಂಶೋಧನಾ ಸಂಸ್ಥೆ. 2023ರ ಅಕ್ಟೋಬರಿನಲ್ಲಿ ತೆರೆದ ಅವರ ವಿಜ್ಞಾನ ಕೇಂದ್ರಕ್ಕೆ ಪ್ರವೇಶ ಶುಲ್ಕವಿಲ್ಲ, ಸೋಮವಾರ ಮಾತ್ರ ರಜೆ. ಮಗಳನ್ನು ಅಲ್ಲಿಂದ ಎಬ್ಬಿಸಿಕೊಂಡು ಬರಲು ಮೂರು ಗಂಟೆ ಬೇಕಾಯಿತು.

ಹಿಮದ ಬೆಟ್ಟದ ಮೇಲಿನ ಯುಂಗ್‌ಫ್ರೌಯೋಕ್ ರೈಲು ನಿಲ್ದಾಣಕ್ಕೆ ನಾವು ಹೋಗಲಿಲ್ಲ. 3,454 ಮೀಟರ್ ಎತ್ತರಕ್ಕೆ 1912ರಲ್ಲೇ ರೈಲು ಹಾಕಿದವರ ಸಾಹಸ ದೊಡ್ಡದು, ನಿಜ. ಆದರೆ ಅರ್ಧ ದರದಲ್ಲೂ ನಮ್ಮಿಬ್ಬರಿಗೆ 200 ಫ್ರಾಂಕ್ ದಾಟುತ್ತಿತ್ತು, ಮೋಡ ಕವಿದರೆ ಏನೂ ಕಾಣುವುದಿಲ್ಲ. ಬದಲಿಗೆ ಮ್ಯೂರೆನ್‌ಗೆ ಹೋದೆವು. ಕಾರುಗಳೇ ಇಲ್ಲದ ಊರು, ಅಲ್ಲಿಯವರೆಗೂ ಡೇ ಪಾಸ್ ನಡೆಯುತ್ತದೆ. ಐಗರ್, ಮೋಂಕ್, ಯುಂಗ್‌ಫ್ರೌ ಮೂರೂ ಶಿಖರಗಳು ಎದುರಿಗೇ ನಿಂತಿರುತ್ತವೆ. ಮರುದಿನ ಲೌಟರ್‌ಬ್ರುನೆನ್‌ನಿಂದ ಸ್ಟೆಚೆಲ್‌ಬರ್ಗ್‌ವರೆಗೆ ಕಣಿವೆಯ ತಳದಲ್ಲೇ ನಡೆದೆವು. ಸಮತಟ್ಟು ದಾರಿ, ಮಂಡಿ ನೋವಿರುವ ನಮ್ಮ ಯಜಮಾನರೂ ಆರಾಮಾಗಿ ನಡೆದರು. ಆ ಕಣಿವೆಗೆ 72 ಜಲಪಾತ ಎನ್ನುತ್ತಾರೆ. ಸ್ಟೌಬಾಕ್ ಜಲಪಾತ ಸುಮಾರು 300 ಮೀಟರ್ ಮೇಲಿಂದ ಬೀಳುತ್ತದೆ, ಅರ್ಧಕ್ಕೆ ಬರುವಷ್ಟರಲ್ಲಿ ನೀರು ನೀರಾಗಿ ಉಳಿಯುವುದಿಲ್ಲ, ಹೊಗೆಯಂತೆ ಗಾಳಿಗೆ ತೇಲುತ್ತದೆ. ಅದರ ಎದುರಿನ ಬೆಂಚಿನಲ್ಲಿ ಕೂತು ಬೆಳಿಗ್ಗೆ ಕಲಸಿಕೊಂಡು ಬಂದ ಪುಳಿಯೋಗರೆಯ ಡಬ್ಬಿ ಬಿಚ್ಚಿದೆವು. ಜೋಗ ನೋಡಿ ಬೆಳೆದವರು ನಾವು, ಆದರೂ ಇದು ಬೇರೆಯೇ. ಕಾಸಿಲ್ಲ, ಟಿಕೆಟ್ಟಿಲ್ಲ. ರೈನ್ ಜಲಪಾತವೂ ಹಾಗೇ. ನೊಯ್‌ಹೌಸೆನ್ ಕಡೆ ಇಳಿದು ನೋಡಿದರೆ ಪುಕ್ಕಟೆ, ಎದುರು ದಡದ ಕೋಟೆ ಕಡೆಯಿಂದ ಹೋದರೆ ಶುಲ್ಕ.

ಊಟದ ವಿಷಯ ಹೆಣ್ಣುಮಕ್ಕಳು ನನ್ನನ್ನು ಜಾಸ್ತಿ ಕೇಳುತ್ತಾರೆ. ಎರಡೂ ಹಾಸ್ಟೆಲಿನಲ್ಲಿ ಎಲ್ಲರೂ ಬಳಸುವ ಅಡುಗೆಮನೆ ಇತ್ತು. ಅದು ಇದೆಯೇ ಎಂದು ನೋಡಿಯೇ ಬುಕ್ ಮಾಡಿ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಗಟ್ಟಿ ಅವಲಕ್ಕಿ, ಹುರಿದ ರವೆ, ಸಾರಿನ ಪುಡಿ ಒಯ್ದಿದ್ದೆ. ತುಪ್ಪ, ಪೇಡೆ ಒಯ್ಯಬೇಡಿ. ನಮ್ಮ ದೇಶದಿಂದ ಹಾಲಿನ, ಮಾಂಸದ ಪದಾರ್ಥ ಒಳಗೆ ಬಿಡುವುದಿಲ್ಲ. ಅಕ್ಕಿ, ಮೊಸರು, ತರಕಾರಿ, ಹಣ್ಣು ಎಲ್ಲ ಮಿಗ್ರೋಸ್, ಕೋಪ್ ಅಂಗಡಿಗಳಲ್ಲಿ ಸಿಗುತ್ತವೆ. ಸಂಜೆ ಮುಚ್ಚುವ ಹೊತ್ತಿಗೆ ಹೋದರೆ ಆ ದಿನದ ಬ್ರೆಡ್ಡು, ಸಲಾಡಿನ ಮೇಲೆ ದರ ಇಳಿಸಿದ ಚೀಟಿ ಅಂಟಿಸಿರುತ್ತಾರೆ, ಅಲ್ಲಿಯವರೂ ಅದನ್ನೇ ಹುಡುಕಿ ತೆಗೆದುಕೊಳ್ಳುತ್ತಾರೆ. ಮೂರು ಜನಕ್ಕೆ ದಿನಕ್ಕೆ 40 ಫ್ರಾಂಕಿನಲ್ಲಿ ಹೊಟ್ಟೆ ತುಂಬಾ ತಿಂದೆವು.

ಎರಡು ಕಡೆ ಪೆಟ್ಟು ತಿಂದೆವು, ಅದನ್ನೂ ಹೇಳಬೇಕು. ಮೇ 9, ಗುರುವಾರ. ತರಕಾರಿ ಮುಗಿದಿತ್ತು, ಚೀಲ ಹಿಡಿದು ಹೊರಟರೆ ಇಡೀ ಬೀದಿ ಬಾಗಿಲು ಹಾಕಿದೆ. ಕ್ರಿಸ್ತನ ಸ್ವರ್ಗಾರೋಹಣದ ಹಬ್ಬ, ದೇಶಕ್ಕೇ ರಜೆ. ನಮಗೆ ಗೊತ್ತೇ ಇರಲಿಲ್ಲ. ಅಲ್ಲಿ ಭಾನುವಾರವೂ ಅಂಗಡಿ ಇಲ್ಲ. ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಗಳು ಮಾತ್ರ ತೆರೆದಿರುತ್ತವೆ, ಬರ್ನ್ ನಿಲ್ದಾಣದಲ್ಲಿ ಅರ್ಧ ಊರೇ ಸಾಲು ನಿಂತಿತ್ತು. ಮೇ ತಿಂಗಳಲ್ಲಿ ಇಂಥ ರಜೆ ಒಂದಕ್ಕಿಂತ ಹೆಚ್ಚು ಬರುತ್ತವೆ, ಹೊರಡುವ ಮುಂಚೆ ಕ್ಯಾಲೆಂಡರ್ ನೋಡಿಕೊಳ್ಳಿ. ಎರಡನೆಯದು ಕಾರ್ಡಿನದು. ಯಂತ್ರ ರೂಪಾಯಿಯೋ ಫ್ರಾಂಕೋ ಎಂದು ಕೇಳಿತು. ನಮ್ಮ ದುಡ್ಡಲ್ವಾ ಎಂದು ಯಜಮಾನರು ರೂಪಾಯಿ ಒತ್ತಿದರು. ಆ ಒಂದು ಬಿಲ್ಲಿಗೇ ಸುಮಾರು 600 ರೂಪಾಯಿ ಹೆಚ್ಚಿಗೆ ಕಡಿತವಾಗಿತ್ತು. ಯಾವಾಗಲೂ ಫ್ರಾಂಕನ್ನೇ ಒತ್ತಿ. ಇನ್ನು ರೈಲಿನಲ್ಲಿ ಗೇಟು ಇಲ್ಲ ಎಂದು ಟಿಕೆಟ್ ಇಲ್ಲದೆ ಹತ್ತಬೇಡಿ, ಸಿಕ್ಕಿಬಿದ್ದರೆ ದಂಡ 100 ಫ್ರಾಂಕ್ ಹತ್ತಿರ.

ಸಂಪಾದಕರೇ, ನಮ್ಮ ಸ್ಟಾಫ್ ರೂಮಿನಲ್ಲೇ ನೋಡಿ, ಸಾಲ ಮಾಡಿ ಪ್ಯಾಕೇಜಿನಲ್ಲಿ ಹೋಗಿ ಬಂದ ಇಬ್ಬರಿದ್ದಾರೆ. ಬಸ್ಸಿನ ಕಿಟಕಿಯಿಂದ ನೋಡಿದ್ದೇ ಜಾಸ್ತಿ, ಇಳಿದದ್ದು ಕಡಿಮೆ ಎಂದು ಅವರೇ ಬೇಜಾರು ಮಾಡಿಕೊಳ್ಳುತ್ತಾರೆ. ಇನ್ನೂ ಎಷ್ಟೋ ಜನ ಆಸೆ ಇದ್ದರೂ, ದುಡ್ಡು ಇದ್ದರೂ, ನಮಗಲ್ಲ ಅದು ಎಂದು ಸುಮ್ಮನಾಗಿದ್ದಾರೆ. ಅವರ ಕೈಗೆ ಬರುವುದು ನಿಮ್ಮ ಪುರವಣಿಯೇ. ಅದರಲ್ಲಿ ಹಿಮದ ಚಿತ್ರದ ಪಕ್ಕ ಒಂದು ಸಣ್ಣ ಚೌಕಟ್ಟು ಹಾಕಿ: ಬರೆದವರು ಎಷ್ಟು ದಿನ ಇದ್ದರು, ಎಲ್ಲಿ ಉಳಿದರು, ಟಿಕೆಟ್ ಯಾವುದು ತೆಗೆದರು, ಒಟ್ಟು ಎಷ್ಟಾಯಿತು, ಯಾರ ಖರ್ಚಿನಲ್ಲಿ ಹೋಗಿದ್ದರು. ಜಪಾನ್ ಬಗ್ಗೆ ಬರೆದರೂ ನಾರ್ವೆ ಬಗ್ಗೆ ಬರೆದರೂ ಇದು ಇರಲಿ.

ನಮ್ಮ ಲೆಕ್ಕ ಹೀಗಿದೆ: ಗಲ್ಫ್ ಮೇಲೆ ಹೋಗಿ ಬರುವ ವಿಮಾನ 1,74,000, ಉಳಿಯಲು 1,16,000, ಅಲ್ಲಿಯ ಓಡಾಟ 65,000, ಊಟ 33,000, ವೀಸಾ ಮತ್ತು ವಿಮೆ 32,000, ಇತರೆ 12,000. ದಿನದಿನದ ಖರ್ಚನ್ನು ಮಗಳು ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬಿಲ್ ಅಂಟಿಸಿ ಬರೆದಿಟ್ಟಿದ್ದಾಳೆ. ಬೇಕೆಂದರೆ ಜೆರಾಕ್ಸ್ ಮಾಡಿಸಿ ಕಳಿಸುತ್ತೇನೆ.

ಇಂತಿ,
ಒಬ್ಬ ಗಣಿತ ಶಿಕ್ಷಕಿ, ಹಾಸನ